ಮೊಲ ಹುಲ್ಲು ಮುಟ್ಟುತ್ತಿಲ್ಲ, ಪೆಲೆಟ್ (ಅಂಗಡಿಯ ಗುಳಿಗೆ ಆಹಾರ) ನಿಲ್ಲಿಸಬೇಕಾ? ಸಾಕಿದವರು ಅನುಭವ ಹೇಳಿ

ಕುವೆಂಪುನಗರದವಳು:
ನಮ್ಮ ಮೊಲಕ್ಕೆ ಎರಡು ವರ್ಷ, ತೂಕ 1.8 ಕೆಜಿ. ತಂದಾಗಿನಿಂದ ಪೆಲೆಟ್ ಬಟ್ಟಲು ತುಂಬಿಸಿಯೇ ಇಡುತ್ತಿದ್ದೆವು. ಒಂದು ವಾರದಿಂದ ಹುಲ್ಲನ್ನು ಮೂಸಿ ನೋಡಿ ಹೋಗುತ್ತದೆ. ಬೆಳಿಗ್ಗೆ ನೋಡಿದರೆ ಮೆತ್ತನೆ ಹಿಕ್ಕೆ ಬಾಲಕ್ಕೆ ಅಂಟಿಕೊಂಡಿರುತ್ತದೆ. ಓಡಾಟವೆಲ್ಲ ಚೆನ್ನಾಗಿದೆ. ಪೆಲೆಟ್ ಪೂರ್ತಿ ನಿಲ್ಲಿಸಲಾ? ಮೈಸೂರಿನಲ್ಲಿ ನೀವೆಲ್ಲ ಹುಲ್ಲು ಎಲ್ಲಿಂದ ತರುತ್ತೀರಿ?

ವಿಜಯನಗರ 4ನೇ ಹಂತ:
ಓದಿ ಎದೆ ಧಸಕ್ಕೆಂದಿತು. ನಮ್ಮವನೂ ಹೀಗೇ ಪೆಲೆಟ್ ಪ್ರಿಯ. ಏಪ್ರಿಲ್ ಸೆಕೆ, ಶನಿವಾರ ರಾತ್ರಿ. ಕೊತ್ತಂಬರಿ ಕಟ್ಟು ಬಿಚ್ಚಿದ ಸದ್ದಿಗೇ ಓಡಿಬರುವವನು ಸೋಫಾ ಕೆಳಗೆ ಮುದುಡಿ ಕೂತಿದ್ದ. ಕಟಕಟ ಹಲ್ಲು ಕಡಿಯುತ್ತಿದ್ದ. ಕಿವಿ ತಣ್ಣಗೆ. ಬೆಳಿಗ್ಗೆ ಟ್ರೇಯಲ್ಲಿ ಒಂದೂ ಹಿಕ್ಕೆ ಇಲ್ಲ. ಇಲ್ಲಿ ಒಬ್ಬ ಡಾಕ್ಟರು "ತಿಂದಿದ್ದು ಜಾಸ್ತಿಯಾಗಿದೆ, ಒಂದು ದಿನ ಉಪವಾಸ ಹಾಕಿ" ಅಂದರು. ಮೊಲಕ್ಕೆ ಉಪವಾಸ! ಅದರ ಕರುಳು ಸದಾ ಓಡುತ್ತಲೇ ಇರಬೇಕು, ನಿಂತರೆ ಗ್ಯಾಸ್ ತುಂಬುತ್ತದೆ. ವಾಂತಿ ಮಾಡಿ ಹೊರಹಾಕಲೂ ಅದಕ್ಕೆ ಬರುವುದಿಲ್ಲ.

ಬೆಂಗಳೂರಿಗೆ ಓಡಿದೆವು. ಲೆಕ್ಕ ಈಗಲೂ ಬಾಯಿಪಾಠ. ಕಾರಿಗೆ 4,200, ಟೋಲ್ ಬೇರೆ. ಎಕ್ಸ್‌ರೇ 800. ಎರಡು ದಿನ ಅಲ್ಲೇ ಇಟ್ಟುಕೊಂಡಿದ್ದಕ್ಕೆ 5,000. ಔಷಧಿ, ಪುಡಿ ಆಹಾರ 2,350. ಮನೆಗೆ ಬಂದ ಮೇಲೆ ಐದು ದಿನ ಮೂರು ಗಂಟೆಗೊಮ್ಮೆ ಸಿರಿಂಜ್‌ನಲ್ಲಿ ತಿನ್ನಿಸಿದೆ, ರಾತ್ರಿಯೂ. ಮೂರನೇ ದಿನ ಬೆಳಗಿನ ಜಾವ ಸಾಸಿವೆ ಕಾಳಿನಷ್ಟು ಹಿಕ್ಕೆ ಬಿತ್ತು. ನೆಲದ ಮೇಲೆ ಕೂತು ಎಣಿಸಿದೆ, ಏಳು.

ಅವತ್ತಿನಿಂದ ಟಿಮೋತಿ ಅನ್ನುವ ವಿದೇಶಿ ಒಣಹುಲ್ಲು ಬಿಟ್ಟು ಬೇರೆ ತಂದಿಲ್ಲ. ಆನ್‌ಲೈನ್‌ನಲ್ಲಿ ಕೆಜಿಗೆ 950. ಚೀಲದ ಅಡಿಯಲ್ಲಿ ಕಾಲು ಭಾಗ ಪುಡಿ, ಆದರೂ ಅದೇ.

ಮದ್ದೂರು ಕಡೆಯವನು:
ಹುಲ್ಲಿಗೆ 950 ರೂಪಾಯಿ! ಅಕ್ಕ, ಆ ದುಡ್ಡಿಗೆ ನಮ್ಮೂರಲ್ಲಿ ಹಸುವಿಗೆ ಎಷ್ಟು ದಿನದ ಮೇವು ಬರುತ್ತೆ ಗೊತ್ತಾ? ನಮ್ಮ ಮೊಲಗಳು ಟಿಮೋತಿ ಅಂದ್ರೆ ಏನು ಅಂತಾನೇ ಕಂಡಿಲ್ಲ. ಗದ್ದೆ ಬದುವಿನ ಗರಿಕೆ, ನೆರಳಲ್ಲಿ ಒಣಗಿಸಿದ್ದು. ಜೊತೆಗೆ ರಾಗಿ ಹುಲ್ಲು. ಸಂಜೆಗೆ ನಾಲ್ಕು ಹಿಪ್ಪುನೇರಳೆ ಎಲೆ, ಅದರ ಕಡ್ಡಿಯನ್ನೂ ಬಿಡಲ್ಲ. ಹಲ್ಲು ಬೆಳೀತಾನೇ ಇರುತ್ತಲ್ಲ, ತೇಯೋಕೆ ಏನಾದ್ರೂ ಬೇಕು. ನಮ್ಮ ಕರಿಯ ಆರು ವರ್ಷ ಬದುಕಿದ, ಒಂದು ದಿನ ಡಾಕ್ಟರ ಮುಖ ನೋಡಿಲ್ಲ. ಪೇಟೆಯವರು ಸುಮ್ನೆ ಹೆದರ್ತೀರ.

ವಿಜಯನಗರ 4ನೇ ಹಂತ:
ಹೆದರಲ್ಲ, ಅನುಭವಿಸಿದ್ದೀನಿ. ಮುಖ ನೋಡಿಲ್ಲ ಅಂದರೆ ಕಾಯಿಲೆ ಬರಲಿಲ್ಲ ಅಂತಾನಾ, ಕರೆದುಕೊಂಡು ಹೋಗಲಿಲ್ಲ ಅಂತಾನಾ? ನೀವು ಮೊಲ ಮರಿ ಮಾರುವವರು ಅಲ್ವಾ? ಹೋದ ವರ್ಷ ಇಲ್ಲೇ ಹಾಕಿದ್ರಿ, ಜೋಡಿಗೆ 600 ಅಂತ.

ಮದ್ದೂರು ಕಡೆಯವನು:
ಮಾರಿದರೆ ತಪ್ಪಾ? ನೀವು ಮರದಿಂದ ಕಿತ್ತು ತಂದ್ರಾ ನಿಮ್ಮ ಮೊಲಾನ?

ಸರಸ್ವತಿಪುರಂ ಟೀಚರ್:
ಇಬ್ಬರೂ ಆಕೆಯ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ಅಮ್ಮಾ, ಆ ಮೆತ್ತನೆ ಹಿಕ್ಕೆ ಭೇದಿ ಅಲ್ಲದೇ ಇರಬಹುದು. ಮೊಲ ಅದನ್ನು ನೇರ ಬಾಯಿ ಹಾಕಿ ಮತ್ತೆ ತಿನ್ನುತ್ತದೆ, ಅದರಲ್ಲಿ ವಿಟಮಿನ್ ಇದೆ. ಪೆಲೆಟ್ ಜಾಸ್ತಿಯಾದರೆ ತಿನ್ನದೆ ಬಿಡುತ್ತದೆ, ಅಂಟುತ್ತದೆ.

ನನ್ನ ತಪ್ಪು ಬೇರೆ. "ಒಳ್ಳೆಯ ಹಸಿರು" ಅಂತ ಮೂರು ವರ್ಷ ನಮ್ಮ ಮೊಲಕ್ಕೆ ಕುದುರೆ ಮೆಂತೆ ಮೇವು ಹಾಕಿದೆ. ಮರಿಗಳಿಗೆ ಸರಿ, ದೊಡ್ಡದಕ್ಕೆ ಕ್ಯಾಲ್ಸಿಯಂ ಅತಿಯಾಗುತ್ತದೆ. ಮೂತ್ರ ಸುಣ್ಣದ ನೀರಿನ ಹಾಗೆ ಬೆಳ್ಳಗೆ ಬಂತು, ಆಮೇಲೆ ಪೇಸ್ಟ್ ಥರ. ನೆಲ ಒರೆಸಿದರೆ ಬಿಳಿ ಪಟ್ಟೆ ಉಳಿಯುತ್ತಿತ್ತು. ನಾನು ಟೈಲ್ಸ್ ಕ್ಲೀನರ್ ಬದಲಾಯಿಸಿದೆ! ಮೂತ್ರಕೋಶ ತೊಳೆಸಲು 6,500 ಆಯಿತು, ಎರಡು ಸಲ. ಮೂರನೇ ಸಲಕ್ಕೆ ಅವಳು ಉಳಿಯಲಿಲ್ಲ.

ಹೂಟಗಳ್ಳಿ ಹುಡುಗ:
ಕ್ಯಾರೆಟ್ ಕೊಡಿ, ನಮ್ಮದು ದಿನಕ್ಕೆ ಎರಡು ತಿನ್ನುತ್ತೆ. ಫುಲ್ ಆಕ್ಟಿವ್.

ಸರಸ್ವತಿಪುರಂ ಟೀಚರ್:
ಕಾರ್ಟೂನ್ ನೋಡಿ ಮೊಲ ಸಾಕಬೇಡಪ್ಪಾ. ಕ್ಯಾರೆಟ್‌ನಲ್ಲಿ ಸಕ್ಕರೆ ಇದೆ. ಒಂದು ತೆಳು ಬಿಲ್ಲೆ, ಅದೂ ಅಪರೂಪಕ್ಕೆ.

ಹೂಟಗಳ್ಳಿ ಹುಡುಗ:
ಸರಿ ಮೇಡಂ, ಹೋಮ್‌ವರ್ಕ್ ಕೂಡ ಕೊಟ್ಟುಬಿಡಿ.

ವಿಜಯನಗರ 4ನೇ ಹಂತ:
ಮದ್ದೂರಿನವರೇ, ಹಿಪ್ಪುನೇರಳೆಗೆ ಔಷಧಿ ಹೊಡೆಯಲ್ವಾ? ಅದನ್ನು ಹೇಳಿ.

ಮದ್ದೂರು ಕಡೆಯವನು:
ಹೊಡೀತಾರೆ. ಆಮೇಲೆ ಇಷ್ಟು ದಿನ ಹುಳುವಿಗೆ ಹಾಕಬಾರದು ಅಂತ ಇರುತ್ತೆ, ರೇಷ್ಮೆ ಮಾಡೋರಿಗೆ ಗೊತ್ತು. ನಮ್ಮ ತೋಟದ್ದು ಮುಗಿದಿತ್ತು, ಪಕ್ಕದವರದ್ದು ಕಿತ್ತೆ. ಕೇಳಲಿಲ್ಲ. ಬೆಳಿಗ್ಗೆ ಕರಿಯನ ಜೊತೆಗಿದ್ದ ಎರಡು ಹೆಣ್ಣು ಬಿದ್ದಿದ್ವು, ಮರಿ ಹಾಕೋಕೆ ವಾರ ಇತ್ತು. ಕರಿಯ ಅವತ್ತು ಬೇರೆ ಗೂಡಲ್ಲಿದ್ದ, ಅದಕ್ಕೇ ಉಳಿದ. ಸಮಾಧಾನ ಆಯ್ತಾ?

ವಿಜಯನಗರ 4ನೇ ಹಂತ:
ನಾನು ಹಾಗೆ ಹೇಳಲಿಲ್ಲ.

ಹೂಟಗಳ್ಳಿ ಹುಡುಗ:
ಗರಿಕೆ ದೇವರಾಜ ಮಾರ್ಕೆಟ್‌ನಲ್ಲೂ ಸಿಗುತ್ತೆ. ಗಣೇಶನ ಹಬ್ಬದ ದಿನ ಮಾತ್ರ ಹೋಗಬೇಡಿ. ಬೆರಳು ಗಾತ್ರದ ಕಟ್ಟಿಗೆ 20 ಕೇಳಿದ್ರು. ನಮ್ಮ ಮೊಲ ಎರಡು ನಿಮಿಷದಲ್ಲಿ ಮುಗಿಸಿ ನನ್ನ ಮುಖ ನೋಡಿತು.

ಸರಸ್ವತಿಪುರಂ ಟೀಚರ್:
ಹೂವಿನ ಜೊತೆ ಇಟ್ಟ ಗರಿಕೆಗೆ ಏನು ಚಿಮುಕಿಸಿರ್ತಾರೋ. ತೊಳೆದೆಯಾ?

ಹೂಟಗಳ್ಳಿ ಹುಡುಗ:
ತೊಳೆದೆ ಮೇಡಂ. ಎರಡು ಸಲ.

ಕುವೆಂಪುನಗರದವಳು:
ಎಲ್ಲರಿಗೂ ಥ್ಯಾಂಕ್ಸ್. ಪೆಲೆಟ್ ವಿಷಯ ಇನ್ನೂ ಗೊತ್ತಾಗಲಿಲ್ಲ. ಬಟ್ಟಲು ತೂಕಕ್ಕೆ ಹಾಕಿದೆ, 140 ಗ್ರಾಂ ಹಿಡಿಯುತ್ತದೆ.

ಸರಸ್ವತಿಪುರಂ ಟೀಚರ್:
140! ಒಂದು ಕೆಜಿ ಮೊಲಕ್ಕೆ ದಿನಕ್ಕೆ 25 ಗ್ರಾಂ ಸಾಕು. ನಿಮ್ಮದಕ್ಕೆ ಸುಮಾರು 45. ಒಮ್ಮೆಗೇ ನಿಲ್ಲಿಸಬೇಡಿ, ಎರಡು ಮೂರು ವಾರದಲ್ಲಿ ಇಳಿಸಿ. ವಾರದಿಂದ ಹುಲ್ಲು ಬಿಟ್ಟಿದೆ ಅಂದರೆ ದವಡೆ ಹಲ್ಲು ಚೂಪಾಗಿ ಚುಚ್ಚುತ್ತಿರಬಹುದು, ಈ ವಾರವೇ ತೋರಿಸಿ. ಹಿಕ್ಕೆ ನಿಂತರೆ ಬೆಳಗಾಗಲಿ ಅಂತ ಕಾಯಬೇಡಿ. ಅಮಾಕ್ಸಿಸಿಲಿನ್ ಅನ್ನುವ ಆ್ಯಂಟಿಬಯಾಟಿಕ್ ಬಾಯಿಗೆ ಹಾಕಲು ಕೊಟ್ಟರೆ ಬೇಡ ಅನ್ನಿ, ಮೊಲದ ಕರುಳಿಗೆ ಅದು ವಿಷ.

ಮದ್ದೂರು ಕಡೆಯವನು:
ಭಾನುವಾರ ಮೈಸೂರಿಗೆ ಬರ್ತಿದ್ದೀನಿ. ಒಣ ಗರಿಕೆ ಒಂದು ಚೀಲ ತರ್ತೀನಿ ಅಕ್ಕ, ದುಡ್ಡು ಬೇಡ.

ವಿಜಯನಗರ 4ನೇ ಹಂತ:
ಯಾರ ಬದುವಿಂದ ಕೊಯ್ದಿದ್ದು ಅಂತ ಮೊದಲು ಹೇಳಿ. ಸರಿಯಿದ್ದರೆ ನನಗೂ ಅರ್ಧ ಚೀಲ.