ಇಳಿಸಿದ ಪೋಲೋಗೆ 17 ಇಂಚಿನ ವೀಲ್ ಹಾಕಿಸಬಹುದಾ?

ಮೈಸೂರ್_ಪೋಲೋ: ನಮಸ್ಕಾರ ಎಲ್ಲರಿಗೂ. ನನ್ನದು ಫೋಕ್ಸ್‌ವ್ಯಾಗನ್ ಪೋಲೋ. ಸ್ಪ್ರಿಂಗ್ ಬದಲಾಯಿಸಿ ಸುಮಾರು 35 ಮಿ.ಮೀ. ಇಳಿಸಿದ್ದೇನೆ. ವೀಲ್ ಮಾತ್ರ ಇನ್ನೂ ಕಂಪನಿಯದ್ದೇ, 6ಜೆ (ರಿಮ್ ಅಗಲ 6 ಇಂಚು) ಇಟಿ40 (ಆಫ್‌ಸೆಟ್ 40 ಮಿ.ಮೀ., ಇದು ಕಮ್ಮಿ ಆದಷ್ಟೂ ವೀಲ್ ಹೊರಗೆ ಬರುತ್ತದೆ), ಟೈರ್ 185/60 ಆರ್15 (ಅಗಲ 185 ಮಿ.ಮೀ., ಪಕ್ಕದ ಎತ್ತರ ಅದರ ಶೇ. 60, ರಿಮ್ 15 ಇಂಚು). ಗಾಡಿ ಇಳಿದ ಮೇಲೆ ವೀಲ್ ತೀರಾ ಒಳಗೆ ಸೇರಿಕೊಂಡ ಹಾಗೆ ಕಾಣುತ್ತದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಒಂದು ಕಡೆ ಕೇಳಿದೆ. 17 ಇಂಚು, 7.5ಜೆ, ಇಟಿ35, 205/45 ಟೈರ್, "ಆರಾಮಾಗಿ ಫಿಟ್ ಆಗುತ್ತೆ ಸರ್" ಅಂದರು. ತಗೊಳ್ಳಲಾ? ಮನೆಯವರನ್ನು ಕೂರಿಸಿಕೊಂಡು ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಆಗಾಗ ಹೋಗುತ್ತಿರುತ್ತೇನೆ.

ಗ್ಯಾರೇಜ್_ಅಣ್ಣ: ಫಿಟ್ ಆಗುತ್ತೆ ಅಂದರೆ ಬೋಲ್ಟ್ ಕೂರುತ್ತೆ ಅಂತ ಅಷ್ಟೇ, ತಮ್ಮಾ. ಪಿಸಿಡಿ, ಅಂದರೆ ಬೋಲ್ಟ್ ತೂತುಗಳ ವೃತ್ತ, 5x100 ಹೊಂದಿತು, ಅವರ ಕೆಲಸ ಮುಗಿಯಿತು. ನೀನು ಲೆಕ್ಕ ಹಾಕು. 6ಜೆಯಿಂದ 7.5ಜೆಗೆ ಅಗಲ 38 ಮಿ.ಮೀ. ಜಾಸ್ತಿ, ಅಂದರೆ ಎರಡೂ ಕಡೆಗೆ 19. ಇಟಿ 40 ಇದ್ದದ್ದು 35 ಆದರೆ ಇಡೀ ವೀಲ್ ಇನ್ನೂ 5 ಹೊರಗೆ. ಒಟ್ಟು ಹೊರಗಡೆ 24 ಮಿ.ಮೀ., ಒಳಗಡೆ ಶಾಕ್ ಅಬ್ಸಾರ್ಬರ್ ಕಡೆಗೆ 14. ಗಾಡಿ ಎತ್ತರದಲ್ಲಿದ್ದರೆ ಹೇಗೋ ನಡೆದೀತು. ನೀನು ಇಳಿಸಿದ್ದೀಯ, ಟೈರಿಗೂ ಫೆಂಡರಿಗೂ (ಚಕ್ರದ ಮೇಲಿನ ಬಾಡಿ ಕಮಾನು) ನಡುವೆ ಇದ್ದ ಜಾಗದಲ್ಲಿ 35 ಆಗಲೇ ಹೋಗಿದೆ.

ಸ್ಟಾನ್ಸ್_ಹುಡುಗ: ಅಣ್ಣಾ, ಇಷ್ಟಕ್ಕೆಲ್ಲ ಹೆದರುವುದಾದರೆ ಗಾಡಿ ಇಳಿಸಿದ್ದಾದರೂ ಯಾಕೆ? ಹಿಂದಿನ ಫೆಂಡರಿನ ಒಳ ಅಂಚು ರೋಲ್ ಮಾಡಿಸಿ, ಅಂದರೆ ಒಳಕ್ಕೆ ಮಡಿಸಿಸಿ. ಸ್ವಲ್ಪ ಕ್ಯಾಂಬರ್ (ವೀಲ್ ಓರೆ) ಕೊಡಿ, ಮೇಲ್ಭಾಗ ತಾನೇ ಒಳಗೆ ಹೋಗುತ್ತದೆ. 15 ಇಂಚಿನ ವೀಲ್ ಇಟ್ಟುಕೊಂಡು ಲೋ ಮಾಡಿದ ಗಾಡಿ ನೋಡೋಕಾಗಲ್ಲ.

ಗ್ಯಾರೇಜ್_ಅಣ್ಣ: ಪೋಲೋ ಹಿಂದೆ ಇರುವುದು ಟಾರ್ಷನ್ ಬೀಮ್ (ಎರಡೂ ಹಿಂದಿನ ವೀಲ್ ಸೇರಿಸುವ ಅಡ್ಡ ತೊಲೆ), ಮಗಾ. ಕ್ಯಾಂಬರ್ ತಿರುಗಿಸೋಕೆ ಅಲ್ಲಿ ಬೋಲ್ಟೇ ಇಲ್ಲ, ಶಿಮ್ (ತೆಳು ತಗಡು) ಇಡಬೇಕು. ಮುಂದೆ ಜಾಸ್ತಿ ಕ್ಯಾಂಬರ್ ಕೊಟ್ಟರೆ ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ಹೊರಗಿನಿಂದ ನೋಡಿದರೆ ಹೊಸ ಟೈರ್, ಬಗ್ಗಿ ಒಳಗೆ ಕೈ ಆಡಿಸಿದರೆ ತಂತಿ ಚುಚ್ಚುತ್ತದೆ. ಅಂಥವು ತಿಂಗಳು ತಿಂಗಳೂ ನಮ್ಮಲ್ಲಿಗೆ ಬರುತ್ತವೆ. ಇನ್ನು ರೋಲಿಂಗ್. ಹೀಟ್ ಗನ್ ಇಲ್ಲದೆ ಮಾಡಿಸಿದರೆ ಅಂಚಿನ ಪೇಂಟ್ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಅಲ್ಲಿಂದಲೇ ತುಕ್ಕು.

ಘಾಟಿ_ಡ್ರೈವರ್: ನನ್ನ ಪ್ರಶ್ನೆ ಬೇರೆ. 185/60 ಆರ್15ರಲ್ಲಿ ಸೈಡ್‌ವಾಲ್ (ಟೈರಿನ ಪಕ್ಕದ ರಬ್ಬರ್) 111 ಮಿ.ಮೀ., 205/45 ಆರ್17ರಲ್ಲಿ 92. ಗುಂಡಿಗೆ ಬಿದ್ದಾಗ ರಿಮ್ ಕಾಯೋದು ಆ ರಬ್ಬರೇ ತಾನೆ? ಮಳೆಯಲ್ಲಿ ನೀರು ತುಂಬಿದ ಗುಂಡಿ ಕಾಣುವುದೂ ಇಲ್ಲ. ಜೊತೆಗೆ ಗ್ರೌಂಡ್ ಕ್ಲಿಯರೆನ್ಸ್ ಬೇರೆ. ಪೋಲೋಗೆ ಇದ್ದದ್ದೇ ಸುಮಾರು 165, ಈಗ 130. ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ಲೆಕ್ಕದ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ನಮ್ಮ ಊರುಗಳಲ್ಲಿ ಡಾಂಬರು ಉಳಿಯಿತು ಅಂತ ಹಾಕಿದ ಹಂಪ್‌ಗಳಿಗೆ ಯಾವ ಲೆಕ್ಕ? ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು ಇದ್ದಾಗ ಏನಾಗುತ್ತದೆ ಅಂತ ಮೊದಲು ಯೋಚಿಸಿ.

ಸ್ಟಾನ್ಸ್_ಹುಡುಗ: 17ರ ಟೈರ್ ಒಟ್ಟು ಎತ್ತರ 616, ಹಳೆಯದು 603. ಕ್ಲಿಯರೆನ್ಸ್ ಹೆಚ್ಚೇ ಆಯಿತಲ್ಲ!

ಘಾಟಿ_ಡ್ರೈವರ್: ಅರ್ಧ ಮಾತ್ರ ಲೆಕ್ಕಕ್ಕೆ ಬರೋದು, ಅಂದರೆ ಆರೂವರೆ ಮಿ.ಮೀ. ಆ ಆರೂವರೆ ಮೇಲ್ಗಡೆ ಫೆಂಡರ್ ಹತ್ತಿರಕ್ಕೂ ಹೋಯಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ.

ಲಾ_ಹುಬ್ಬಳ್ಳಿ: ನಡುವೆ ಒಂದು ಮಾತು ನೋಡ್ರಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿ ಮಾರ್ಪಾಡಿನ ಬಗ್ಗೆಯೇ ಇದೆ. ಕಂಪನಿಯ ಮೂಲ ವಿವರಕ್ಕೆ ವಿರುದ್ಧ ಬದಲಾವಣೆ ಮಾಡಬಾರದು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ವೀಲ್ ಬಿಡಿ, ಸ್ಪ್ರಿಂಗ್ ಇಳಿಸಿದ್ದನ್ನೇ ಕೇಳಬಹುದು. ಫೆಂಡರಿನಿಂದ ಹೊರಗೆ ಚಾಚಿದ ಟೈರ್ ದೂರದಿಂದಲೇ ಪೊಲೀಸರ ಕಣ್ಣಿಗೆ ಬೀಳುತ್ತದೆ. ಇನ್ಶೂರೆನ್ಸ್‌ನವರಿಗೂ ಬರೆದು ತಿಳಿಸಿ.

ಮೈಸೂರ್_ಪೋಲೋ: ಸರಿ, 17 ಬಿಟ್ಟೆ. 16ಕ್ಕೆ ಏನು ಹಾಕಲಿ? ಪೋಲೋ ಜಿಟಿಗೆ ಕಂಪನಿಯೇ 195/55 ಆರ್16 ಕೊಟ್ಟಿತ್ತಲ್ವಾ?

ಗ್ಯಾರೇಜ್_ಅಣ್ಣ: ಕೊಟ್ಟಿತ್ತು, ಆದರೆ ಕಂಪನಿ ಎತ್ತರದಲ್ಲಿ. ಅದರ ಒಟ್ಟು ಎತ್ತರ 621. ಇಳಿಸಿದ ಗಾಡಿಗೆ ಮುಂದಿನ ಲೈನರ್ (ಫೆಂಡರ್ ಒಳಗಿನ ಪ್ಲಾಸ್ಟಿಕ್ ಕವಚ) ಉಜ್ಜುತ್ತದೆ. 195/50 ಆರ್16 ಆದರೆ 601, ಹಳೆಯದಕ್ಕೆ ಹೆಚ್ಚುಕಮ್ಮಿ ಸಮ. ಸ್ಪೀಡೋಮೀಟರೂ ಸುಳ್ಳು ಹೇಳಲ್ಲ. ಲೋಡ್ ಇಂಡೆಕ್ಸ್ 84 ಇರುವುದನ್ನೇ ತಗೋ, ಒಂದು ಟೈರಿಗೆ 500 ಕೆ.ಜಿ. ರಿಮ್ 6.5ಜೆ ಅಥವಾ 7ಜೆ, ಇಟಿ40 ಸುತ್ತಮುತ್ತ. 7ಜೆಗೆ ಎರಡೂ ಕಡೆ 13 ಮಿ.ಮೀ. ಅಷ್ಟೇ.

ದುಡ್ಡು ಕೊಡುವ ಮುಂಚೆ ಟೈರ್ ಹಾಕಿದ ಒಂದೇ ವೀಲ್ ಇಸ್ಕೊಂಡು ಮುಂದೆ ಹಾಕಿ ನೋಡು. ಮಕ್ಕಳು ಆಡುವ ಕ್ಲೇ ಇದೆಯಲ್ಲ, ಅದನ್ನು ಸ್ಪ್ರಿಂಗ್ ಕೂರುವ ತಟ್ಟೆಯ ಅಡಿ, ಟೈರಿಗೆ ಎದುರಾಗಿ ದಪ್ಪಗೆ ಅಂಟಿಸು. ಲೈನರಿಗೆ ಸೀಮೆಸುಣ್ಣ ಬಳಿ. ಆ ವೀಲ್ ಒಂದು ರ‍್ಯಾಂಪ್ ಮೇಲೆ, ಎದುರು ಮೂಲೆಯ ಹಿಂದಿನ ವೀಲ್ ಇನ್ನೊಂದರ ಮೇಲೆ ಹತ್ತಿಸಿ, ಒಳಗೆ ಜನ ಕೂರಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸು. ಕ್ಲೇ ಎಷ್ಟು ದಪ್ಪ ಉಳಿದಿದೆಯೋ ಅಷ್ಟೇ ನಿನಗಿರುವ ಜಾಗ. 5 ಮಿ.ಮೀ.ಗಿಂತ ಕಮ್ಮಿ ಇದ್ದರೆ ಆ ವೀಲ್ ಬೇಡ. ಸ್ಪೇಸರ್ ಹಾಕಿ ಹೊರಗೆ ತಳ್ಳೋಣ ಅಂದರೆ ಆಗ ಫೆಂಡರ್ ಹತ್ತಿರ ಶುರುವಾಗುತ್ತದೆ.

ಸ್ಟಾನ್ಸ್_ಹುಡುಗ: ಕ್ಲೇ ಐಡಿಯಾ ಸೂಪರ್. ಆದರೂ 16 ಇಂಚು ನನಗೆ ಇಷ್ಟ ಆಗಲ್ಲ, ನಿಮ್ಮ ಗಾಡಿ ನಿಮ್ಮಿಷ್ಟ.

ಮೈಸೂರ್_ಪೋಲೋ: 16 ಇಂಚು 7ಜೆ ಇಟಿ38 ಒಂದು ಕಣ್ಣಿಗೆ ಬಿದ್ದಿದೆ. ಮಧ್ಯದ ತೂತು 73.1 ಅಂತೆ. ಹಳೇ ಬೋಲ್ಟೇ ನಡೆಯುತ್ತಾ?

ಗ್ಯಾರೇಜ್_ಅಣ್ಣ: ನಡೆಯಲ್ಲ. ಪೋಲೋ ಹಬ್ (ವೀಲಿನ ಮಧ್ಯದ ತೂತು ಕೂರುವ ಭಾಗ) 57.1 ಮಿ.ಮೀ., ನಡುವೆ 73.1ರಿಂದ 57.1ಕ್ಕೆ ರಿಂಗ್ ಹಾಕಿಸು. ಇಲ್ಲದಿದ್ದರೆ ಹೈವೇ ಸ್ಪೀಡಿಗೆ ಸ್ಟೇರಿಂಗ್ ನಡುಗಬಹುದು, ಆಮೇಲೆ ಸುಮ್ನೆ ಬ್ಯಾಲೆನ್ಸಿಂಗ್ ಮಾಡಿಸುತ್ತಾ ಕೂರುತ್ತೀಯ. ಕಂಪನಿ ಬೋಲ್ಟಿನ ತಲೆಯ ಕೆಳಭಾಗ ಗುಂಡಗಿದೆ. ಹೊರಗಿನ ವೀಲ್‌ಗಳಿಗೆ ಹೆಚ್ಚಾಗಿ ಕೋನ್ ಆಕಾರ ಬೇಕು. ಗುಂಡನೆಯದು ಕೋನಿನಲ್ಲಿ ಪೂರ್ತಿ ಕೂರಲ್ಲ, ಬಿಗಿ ಆದಂತೆ ಅನಿಸಿ ಸಡಿಲವಾಗುತ್ತದೆ. ಎಂ14x1.5 ಕೋನ್ ಸೀಟ್ ಬೋಲ್ಟ್ ಹೊಸದಾಗಿ ತಗೋ. ಉದ್ದ ಆ ವೀಲ್ ಹಿಡಿದು ಅಳೆದೇ ನಿರ್ಧರಿಸು. 120 ನ್ಯೂಟನ್ ಮೀಟರ್ ಟಾರ್ಕ್, ನೂರು ಕಿ.ಮೀ. ಓಡಿಸುವಷ್ಟರಲ್ಲಿ ಇನ್ನೊಮ್ಮೆ ಚೆಕ್ ಮಾಡಿಸು. ಸ್ಟೆಪ್ನಿ ಹಳೇ ವೀಲೇ ಅಲ್ವಾ? ಹಾಗಾದರೆ ಹಳೇ ಬೋಲ್ಟ್ ಐದು ಡಿಕ್ಕಿಯಲ್ಲೇ ಇರಲಿ.