ಆರು ದಿನದ ಕೂಸಿಗೆ ಬೆನ್ನಿನ ನೀರು ತೆಗೆಯಬೇಕಂತೆ, ಸಹಿ ಹಾಕಲಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಮ್ಮ ಮಗಳು ಹುಟ್ಟಿ ಆರು ದಿನ, ತಿಂಗಳು ತುಂಬಿಯೇ ಹುಟ್ಟಿದ್ದು. ನಿನ್ನೆ ಬೆಳಿಗ್ಗೆಯಿಂದ ಹಾಲು ಕುಡಿಯಲಿಲ್ಲ, ಮೈ ಬಿಸಿ, ಎಬ್ಬಿಸಿದರೂ ಕಣ್ಣು ಬಿಡಲಿಲ್ಲ. ರಕ್ತದಲ್ಲಿ ನಂಜಿರಬಹುದು ಅಂತ ಎನ್‌ಐಸಿಯುನಲ್ಲಿ (ನವಜಾತ ಕೂಸುಗಳ ತೀವ್ರ ನಿಗಾ ಘಟಕ) ಆ್ಯಂಟಿಬಯೋಟಿಕ್ ಶುರು ಮಾಡಿದ್ದಾರೆ. ಈಗ ಬೆನ್ನಿನ ನೀರು ತೆಗೆದು ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಸೋಂಕು, ಇದೆಯಾ ನೋಡಬೇಕು, ಸಹಿ ಹಾಕಿ ಅಂತಿದ್ದಾರೆ. ನಮ್ಮಮ್ಮ ಕಾಲಿನ ಸ್ವಾಧೀನ ಹೋಗುತ್ತೆ, ಬೇಡವೇ ಬೇಡ ಅಂತ ಅಳ್ತಿದ್ದಾರೆ. ರಕ್ತವನ್ನು ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಕಲ್ಚರ್ ಪರೀಕ್ಷೆಗೆ ಕಳಿಸಿದ್ದಾರಲ್ಲ, ಅಷ್ಟು ಸಾಲದಾ?

ಉತ್ತರ (ಮಕ್ಕಳ ವೈದ್ಯೆ): ಸಾಲದು. ಮೆನಿಂಜೈಟಿಸ್ ಇರುವ ನವಜಾತ ಕೂಸುಗಳಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಂದಕ್ಕೆ ರಕ್ತದ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಮುಟ್ಟಿ ನೋಡಿ ಹೇಳೋಣ ಅಂದರೆ ಇಷ್ಟು ಎಳೆಯ ಕೂಸಿಗೆ ಕತ್ತು ಬಿಗಿಯುವುದು ಅಪರೂಪ. ನೆತ್ತಿ ಉಬ್ಬುವಷ್ಟರಲ್ಲಿ ಕಾಯಿಲೆ ಮುಂದೆ ಹೋಗಿರುತ್ತದೆ.

ಅಮ್ಮನಿಗೆ ಹೀಗೆ ಹೇಳಿ. ಈ ವಯಸ್ಸಿನಲ್ಲಿ ಬೆನ್ನುಹುರಿ ಸೊಂಟದ ಎರಡು-ಮೂರನೇ ಮೂಳೆಯ ಹತ್ತಿರ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ನಾಲ್ಕು-ಐದನೇ ಮೂಳೆಯ ಸಂದಿಯಲ್ಲಿ. ಅಲ್ಲಿ ಇರುವುದು ನೀರಿನಲ್ಲಿ ತೇಲುವ ನರದ ಎಳೆಗಳು. ನರ್ಸ್ ಕೂಸನ್ನು ಮಗ್ಗುಲಿಗೆ ಮಲಗಿಸಿ ಮೊಣಕಾಲು ಮಡಿಸಿ ಹಿಡಿಯುತ್ತಾರೆ. ಕತ್ತು ಮಾತ್ರ ಬಗ್ಗಿಸುವುದಿಲ್ಲ, ಉಸಿರು ಕಟ್ಟಬಾರದಲ್ವಾ. ನೀರನ್ನು ಎಳೆಯುವುದೂ ಇಲ್ಲ. ಅದೇ ಹನಿ ಹನಿಯಾಗಿ ಬಾಟಲಿಗೆ ಬೀಳುತ್ತದೆ, ಒಂದೆರಡು ಎಂಎಲ್ ಅಷ್ಟೆ. ಕೆಲವು ಸಲ ರಕ್ತ ಬೆರೆತು ಮತ್ತೆ ತೆಗೆಯಬೇಕಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಉಸಿರಾಟ ಸರಿಯಿಲ್ಲದಿದ್ದರೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತುಂಬಾ ಕಮ್ಮಿ ಇದ್ದರೆ ನಾವೇ ಮುಂದೂಡುತ್ತೇವೆ, ಔಷಧಿ ಮಾತ್ರ ನಿಲ್ಲಿಸುವುದಿಲ್ಲ.

ಇಷ್ಟು ಒತ್ತಾಯ ಯಾಕೆ ಅಂದರೆ, ಎಷ್ಟು ದಿನ, ಎಷ್ಟು ಡೋಸ್ ಅನ್ನೋದು ಈ ನೀರಿನಿಂದಲೇ ಗೊತ್ತಾಗೋದು. ಬರೀ ನಂಜಾದರೆ ಸಾಮಾನ್ಯವಾಗಿ 7ರಿಂದ 14 ದಿನ. ಮೆದುಳಿನ ಪೊರೆಗೆ ಮುಟ್ಟಿದ್ದರೆ, ನಮ್ಮ ಕಡೆ ಜಾಸ್ತಿ ಕಾಣುವ ಕ್ಲೆಬ್ಸಿಯೆಲ್ಲಾ, ಇ. ಕೋಲಿ ಬ್ಯಾಕ್ಟೀರಿಯಾಗಳಿಗೆ ಕನಿಷ್ಠ 21 ದಿನ. ಜೆಂಟಾಮೈಸಿನ್‌ನಂಥ ಔಷಧಿ ಆ ನೀರಿಗೆ ಸರಿಯಾಗಿ ಇಳಿಯುವುದೂ ಇಲ್ಲ. ಆ್ಯಂಟಿಬಯೋಟಿಕ್ ಶುರುವಾಗಿ ಹೊತ್ತಾದಷ್ಟೂ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಗುವುದು ಕಷ್ಟ. ದಯವಿಟ್ಟು ಇವತ್ತೇ ಸಹಿ ಹಾಕಿ.

ಪ್ರಶ್ನೆ (ಅವರೇ, ರಾತ್ರಿ): ಸಹಿ ಹಾಕಿದೆ ಮೇಡಂ, ತೆಗೆದರು. ರಿಪೋರ್ಟ್‌ನಲ್ಲಿ ಬಿಳಿ ಕಣ 12, ಪ್ರೋಟೀನ್ 90. ಪಕ್ಕದಲ್ಲಿ ನಾರ್ಮಲ್ 0-5 ಮತ್ತು 15-45 ಅಂತಿದೆ. ಎರಡೂ ಕೆಂಪಕ್ಷರದಲ್ಲಿ ಬಂದಿವೆ. ಕೈಕಾಲೇ ಆಡ್ತಿಲ್ಲ.

ಉತ್ತರ: ಸ್ವಲ್ಪ ಕೂತ್ಕೊಳ್ಳಿ. ಅಲ್ಲಿ ಅಚ್ಚಾಗಿರುವುದು ದೊಡ್ಡವರ ಲೆಕ್ಕ. ಮೊದಲ ವಾರದ ಆರೋಗ್ಯವಂತ ಕೂಸಿಗೂ ಕಣ 15-20ರವರೆಗೆ, ಪ್ರೋಟೀನ್ 100 ದಾಟಿ ಇರಬಹುದು. ಈ ಎರಡು ಸಂಖ್ಯೆ ನೋಡಿ ನನಗೆ ಗಾಬರಿಯಾಗಲಿಲ್ಲ. ಆದರೆ ತೀರ್ಮಾನ ನಿಮ್ಮ ಡಾಕ್ಟರದ್ದು. ನೀರಿನ ಸಕ್ಕರೆಯನ್ನು ಅದೇ ಹೊತ್ತಿನ ರಕ್ತದ ಸಕ್ಕರೆ ಜೊತೆ ಹೋಲಿಸಿ ನೋಡಬೇಕು, ಕಲ್ಚರ್‌ಗೆ ಇನ್ನೂ ಎರಡು ಮೂರು ದಿನ ಕಾಯಬೇಕು. ಅಲ್ಲಿವರೆಗೆ ಇಂಜೆಕ್ಷನ್ ಒಂದೂ ತಪ್ಪದಿರಲಿ. ನಿಮ್ಮ ಮನೆಯವರಿಗೆ ಎರಡು ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಕೊಡೋಕೆ ಹೇಳಿ. ಕೂಸು ಎಚ್ಚರಾಗಿ ಬಾಯಿ ಚಪ್ಪರಿಸಿದ ದಿನ ಎದೆಯಲ್ಲಿ ಹಾಲು ಇರಬೇಕು.