ಶ್ರವಣನ ತೂಕ

ಮೊನ್ನೆ ರಾತ್ರಿ ಎಂಟೂವರೆಗೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ದುಬೈಯಿಂದ ವಿನೋದ ಒಂದು ಫಾರ್ವರ್ಡ್ ಹಾಕಿದ. ಬಾಕ್ಸಿಂಗ್ ಗ್ಲೌಸ್ ಹಾಕಿದ ಒಬ್ಬನ ಚಿತ್ರ, ಮೇಲೆ ಕೆಂಪು ಅಕ್ಷರ:

"ಭಾರತದ ಮುಂದಿನ ಹೆವಿವೇಟ್ ಚಾಂಪಿಯನ್ ನಿಮ್ಮ ಮನೆಯಲ್ಲೇ ಇರಬಹುದು! ಎತ್ತರ 6 ಅಡಿ 2 ಇಂಚು, ತೂಕ 92 ಕೆ.ಜಿ. ಮೀರಿದ್ದರೆ ಸಾಕು. ಮೈಕ್ ಟೈಸನ್ ಎರಡೇ ವರ್ಷ ಕಲಿತು 20ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ. ಊಟ, ವಸತಿ ಉಚಿತ. ನೋಂದಣಿಗೆ 2,500 ರೂಪಾಯಿ ಮಾತ್ರ. ಹತ್ತು ಜನರಿಗೆ ಕಳುಹಿಸಿ."

ವಿನೋದ: ನಮ್ಮ ಶ್ರವಣ ಉಂಟಲ್ಲ! 98 ಕೆ.ಜಿ. ಶೈಲಕ್ಕ, ಕಳಿಸಿಬಿಡಿ. ಅಕ್ಕಿ ಖರ್ಚಾದ್ರೂ ಉಳೀತದೆ.

ಶ್ರವಣ ನನ್ನ ತಂಗಿ ಶೈಲಜಳ ಮಗ. ಬದಿಯಡ್ಕದ ಹತ್ತಿರ ಮನೆ, ಹದಿನೇಳು ವರ್ಷ, ಪ್ಲಸ್ ಟು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರ. ಗುಂಪಿನಲ್ಲಿ ಅವನೂ ಇದ್ದಾನೆ, ಓದುತ್ತಾನೆ, ಬರೆಯುವುದಿಲ್ಲ. ಆ ರಾತ್ರಿ ನಡೆದದ್ದನ್ನು ಮನೆಯವರ ಒಪ್ಪಿಗೆ ಪಡೆದು, ಹೆಸರು ಬದಲಿಸಿ ಇಲ್ಲಿ ಹಾಕುತ್ತಿದ್ದೇನೆ.

ಉಷಾ: ವಿನೋದ, ಇದು ಯಾರು ಕಳಿಸಿದ್ದು? ಸಂಸ್ಥೆಯ ಹೆಸರಿಲ್ಲ, ವಿಳಾಸ ಇಲ್ಲ. ದುಡ್ಡು ಹಾಕ್ಲಿಕ್ಕೆ ನಂಬರ್ ಮಾತ್ರ ಉಂಟು.

ವಿನೋದ: ನನಗೆ ಬಂದದ್ದು, ನಾನು ಹಾಕಿದೆ. ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು.

ಉಷಾ: ಬೇಕು. ಕೊರೊನಾ ಸಮಯದಲ್ಲಿ ನೀನು ಹಾಕಿದ ಕಷಾಯ ಕುಡಿದು ಅಮ್ಮನಿಗೆ ಎರಡು ದಿನ ವಾಂತಿ.

ವಿನೋದ: ಅದು ನಾನಲ್ಲ. ಜಯಂತಣ್ಣ.

ಜಯಂತ: ನನ್ನ ಹೆಸರು ಎಂತಕ್ಕೆ? ನಾನು ಹೇಳಿದ್ದು ಅಮೃತಬಳ್ಳಿ. ಕಾಳುಮೆಣಸು ಮುಷ್ಟಿಗಟ್ಟಲೆ ಹಾಕಿದ್ದು ಅತ್ತೆಯೇ.

ಉಷಾ: ಟೈಸನ್ ಎತ್ತರ 5 ಅಡಿ 10 ಇಂಚು. ಫಾರ್ವರ್ಡ್ ಪ್ರಕಾರ ಅವನನ್ನೇ ಗೇಟಿನಿಂದ ವಾಪಸ್ ಕಳಿಸಬೇಕು. ಯಾರಾದ್ರೂ ಪೂರ್ತಿ ಓದಿದ್ದೀರಾ?

ಯಾರೂ ಓದಿರಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪ ಬರೆಯುತ್ತಿದ್ದಾರೆ ಎಂದು ಮೇಲೆ ಕಾಣಿಸಿತು, ಎಲ್ಲರೂ ಸುಮ್ಮನಾದರು. ನಿವೃತ್ತ ಮೇಷ್ಟ್ರು ಅವರು, ಒಂದೊಂದೇ ಅಕ್ಷರ ಒತ್ತಿ ಬರೆಯುವವರು.

ಪದ್ಮನಾಭ ದೊಡ್ಡಪ್ಪ: ಎಲ್ಲರೂ ಗಮನಿಸಿ. ಮನುಷ್ಯನ ತಲೆಗೆ ಗುದ್ದುವುದನ್ನು ನಾನು ಆಟ ಎಂದು ಒಪ್ಪುವುದಿಲ್ಲ. ಮಹಮ್ಮದ್ ಅಲಿಗೆ 42ನೇ ವಯಸ್ಸಿಗೆ ಪಾರ್ಕಿನ್ಸನ್ ಎಂದು ಗೊತ್ತಾಯಿತು. 1996ರಲ್ಲಿ ಅಟ್ಲಾಂಟಾದಲ್ಲಿ ಜ್ಯೋತಿ ಹಿಡಿದಾಗ ಆ ಕೈ ಹೇಗೆ ನಡುಗಿತು ಎಂದು ನಾವೆಲ್ಲ ನೋಡಿದ್ದೇವೆ. ನಮ್ಮ ಮನೆಯಲ್ಲಿ ಯಾರೂ ಕೈಯೆತ್ತಿ ಬದುಕಿದವರಲ್ಲ. ವಿದ್ಯೆಯೊಂದೇ ಕಾಯುವುದು. ಶ್ರವಣ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದಾನೆಂದು ಕೇಳಿದೆ.

ಶೈಲಜ: ಯಾರು ಹೇಳಿದ್ದು ದೊಡ್ಡಪ್ಪ?

ಉತ್ತರ ಬರಲಿಲ್ಲ. ಜಯಂತ ಬಂದ.

ಜಯಂತ: ಅಟ್ಲಾಂಟಾ ಅಂದಾಗ ನೆನಪಾಯ್ತು. ಅಜ್ಜನ ಮನೆಯ ಟಿ.ವಿ.! ಆಂಟೆನಾ ತಿರುಗಿಸ್ಲಿಕ್ಕೆ ನನ್ನನ್ನು ಮಾಡಿಗೆ ಹತ್ತಿಸ್ತಿದ್ದದ್ದು. ಅಂಗಳದಲ್ಲಿ ಅಡಿಕೆ ಒಣಗ್ಲಿಕ್ಕೆ ಹಾಕದ ದಿನ ಅಲ್ಲೇ ಕಬಡ್ಡಿ. ಸದಣ್ಣ ರೈಡಿಗೆ ಬಂದ್ರೆ ನಾವು ನಾಲ್ಕು ಜನ ಕಾಲಿಗೆ ಜೋತು ಬೀಳ್ತಿದ್ದೆವು, ಎಳ್ಕೊಂಡೇ ಗೆರೆ ದಾಟ್ತಿದ್ದ. ಎಂತ ದಿನಗಳು ಮಾರಾಯ್ರೆ! ಆ ಟಿ.ವಿ. ಪಾಲಿನಲ್ಲಿ ಎಲ್ಲಿಗೆ ಹೋಯ್ತು ಅಂತ ಮಾತ್ರ ಕೇಳ್ಬೇಡಿ.

ವಿನೋದ: ಕೇಳುದೇ. ನಮ್ಮ ಅಪ್ಪನಿಗೆ ಸಿಕ್ಕಿದ್ದು ಸ್ಟ್ಯಾಂಡ್ ಮಾತ್ರ.

ಅರ್ಧ ಗಂಟೆ ಟಿ.ವಿ. ಸ್ಟ್ಯಾಂಡೇ ನಡೆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಶೈಲಜ ನನಗೆ ಬೇರೆಯಾಗಿ ಕೇಳಿದಳು: "ಅಣ್ಣ, 2,500 ತಾನೆ? ನೋಡ್ಬಹುದಾ?" ಆಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗುಂಪಿನಲ್ಲಿ ನಾನು, ಅವರೆಲ್ಲರ ಸದಣ್ಣ, ಹುಟ್ಟುಹಬ್ಬಕ್ಕೆ ಶುಭಾಶಯ ಬಿಟ್ಟರೆ ಹೆಚ್ಚು ಬರೆಯುವವನಲ್ಲ. ಅವತ್ತು ಬರೆದೆ.

ನಾನು: ದುಡ್ಡು ಯಾರೂ ಹಾಕಬೇಡಿ. ಟೈಸನ್ ಎರಡು ವರ್ಷ ಕಲಿತದ್ದಲ್ಲ. ಹದಿಮೂರರ ಸುಮಾರಿಗೆ ಕಸ್ ಡಮಾಟೊ ಎಂಬ ಮುದುಕ ಗುರುವಿನ ಕೈಗೆ ಸಿಕ್ಕಿದ, ಆ ಮನೆಯಲ್ಲೇ ಬೆಳೆದ. ಚಾಂಪಿಯನ್ ಆದದ್ದು 1986ರ ನವೆಂಬರಿನಲ್ಲಿ. ಈಗ ಎಲ್ಲರೂ ಮುಂದಿನವನು ಎಂದು ಹೇಳುವ ಮೋಸೆಸ್ ಇಟೌಮ ಎಂಬ ಹುಡುಗ ಇಂಗ್ಲೆಂಡಿನಲ್ಲಿದ್ದಾನೆ. 2025ರ ಆಗಸ್ಟಿನಲ್ಲಿ, 20ನೇ ವಯಸ್ಸಿಗೆ, ಡಿಲಿಯನ್ ವೈಟ್‌ನಂಥ ಹಳೇ ಹುಲಿಯನ್ನು ಮೊದಲ ರೌಂಡಿನಲ್ಲೇ ಮಲಗಿಸಿದ. ಅವನೂ ಅಣ್ಣನ ಹಿಂದೆ ಚಿಕ್ಕಂದಿನಲ್ಲೇ ಜಿಮ್ಮಿಗೆ ಹೋದವನು. ಎತ್ತರದ ಮಾತಾದರೆ, ಟೈಸನ್ ಫ್ಯೂರಿ ಎಂಬ ಬೇರೊಬ್ಬ ಬಾಕ್ಸರ್ 6 ಅಡಿ 9 ಇಂಚು. 2024ರಲ್ಲಿ ಅವನನ್ನು ಸೋಲಿಸಿದ ಉಸಿಕ್ ಅವನಿಗಿಂತ ಆರು ಇಂಚು ಗಿಡ್ಡ, ಕೆಳಗಿನ ತೂಕದಿಂದ ಮೇಲೆ ಬಂದವನು. ಕಾಲು ಓಡಿತು, ಗೆದ್ದ.

ವಿನೋದ: ಸದಣ್ಣ, ಆಂಟನಿ ಜೋಶುವಾ ಶುರು ಮಾಡಿದ್ದೇ 18ಕ್ಕೆ. 2012ರಲ್ಲಿ ಒಲಿಂಪಿಕ್ ಚಿನ್ನ. ಈಗಷ್ಟೇ ನೋಡಿದೆ. ನಮ್ಮ ದೇಶದ ಸತೀಶ್ ಕುಮಾರನೂ ಮೊದಲು ಕಬಡ್ಡಿ ಆಡ್ತಿದ್ದವ. ಮಿಲಿಟ್ರಿ ಸೇರಿದ ಮೇಲೆ ಮೈಕಟ್ಟು ನೋಡಿಯೇ ಬಾಕ್ಸಿಂಗಿಗೆ ಎಳೆದದ್ದು. ಟೋಕಿಯೊ ಒಲಿಂಪಿಕ್ಸ್‌ಗೆ ಹೋಗ್ಲಿಲ್ವಾ?

ಅವನು ಹೇಳಿದ್ದು ಸರಿ, ಎರಡೂ ಸರಿ. ನಾನು ಒಪ್ಪಿಕೊಂಡೆ. ಆದರೆ ಜೋಶುವಾ ಒಲಿಂಪಿಕ್ಸ್‌ಗೆ ಪಳಗಿದ್ದು ಶೆಫೀಲ್ಡಿನಲ್ಲಿ, ಬ್ರಿಟನ್ನಿನ ತಂಡ ಒಟ್ಟಿಗೆ ಅಭ್ಯಾಸ ಮಾಡುವಲ್ಲಿ. ಸತೀಶ್ ಕುಮಾರನ ಹಿಂದೆ ಸೇನೆ ಇತ್ತು, ವರ್ಷಗಟ್ಟಲೆ. ಹಾಗಿದ್ದೂ ಟೋಕಿಯೊದ ಕ್ವಾರ್ಟರ್ ಫೈನಲಿನಲ್ಲಿ ಮುಖಕ್ಕೆ 13 ಹೊಲಿಗೆ ಹಾಕಿಸಿಕೊಂಡೇ ಉಜ್ಬೇಕಿಸ್ತಾನದ ಜಲೋಲೊವ್ ಎದುರು ನಿಂತು ಸೋತ. ನಮ್ಮ ದೇಶಕ್ಕೆ ಬಾಕ್ಸಿಂಗಿನಲ್ಲಿ ಒಲಿಂಪಿಕ್ ಪದಕ ತಂದವರು ವಿಜೇಂದರ್, ಮೇರಿ ಕೋಮ್, ಲವ್ಲಿನಾ. 75 ಕೆ.ಜಿ., 51, 69. ದಪ್ಪ ತೂಕದವರು ಯಾಕಿಲ್ಲ? ಊರೂರಲ್ಲಿ ಆಳೆತ್ತರದ ಹುಡುಗರಿದ್ದಾರೆ. ಅವರ ಎದುರು ದಿನಾ ನಿಲ್ಲಲಿಕ್ಕೆ ಅದೇ ತೂಕದ, ಸ್ವಲ್ಪ ಹೆಚ್ಚು ಕಲಿತ ಇನ್ನೊಬ್ಬ ಇಲ್ಲ. ಆ ಇನ್ನೊಬ್ಬನಿಲ್ಲದೆ ಇವನು ಕಲಿಯುವುದಿಲ್ಲ.

ಇದು ನನಗೆ ಹೇಗೆ ಗೊತ್ತು ಎಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗುಂಪಿನಲ್ಲಿ ಬರೆದುಬಿಟ್ಟೆ.

ನಾನು: ನನ್ನ ಎಡಗಿವಿ ಕೇಳದ್ದು ಫೈರಿಂಗಿನಿಂದ ಎಂದು ನಾನು ನಿಮಗೆಲ್ಲ ಹೇಳಿದ್ದು ಸುಳ್ಳು. ಸೇನೆ ಸೇರಿದ ವರ್ಷ ನನ್ನ ತೂಕ 94. ಕಬಡ್ಡಿ ಆಡುವಾಗ ಒಬ್ಬರು ನೋಡಿ ಒಂದು ಬಾಕ್ಸಿಂಗ್ ಶಿಬಿರಕ್ಕೆ ಕಳಿಸಿದರು. ಕೈಗೆ ನಾಲ್ಕೂವರೆ ಮೀಟರ್ ಬ್ಯಾಂಡೇಜ್ ಸುತ್ತುವುದು ಕಲಿತೆ: ಹೆಬ್ಬೆರಳಿಗೆ ಕುಣಿಕೆ, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿನ ಮೇಲೆ ಮೂರು, ಆಮೇಲೆ ಬೆರಳುಗಳ ಸಂದಿ. ಇನ್ನೊಬ್ಬನ ಬೆವರಿನಲ್ಲಿ ನೆನೆದು ಒಣಗಿದ ಗ್ಲೌಸ್ ಹಾಕುವುದು ಕಲಿತೆ. ಮೂರನೇ ವಾರಕ್ಕೆ, ಎಂಟು ವರ್ಷ ಆಡಿದವನ ಎದುರು ನಿಲ್ಲಿಸಿದರು. ಅವನಿಗೆ ಅಭ್ಯಾಸಕ್ಕೆ ಆ ತೂಕದ ಬೇರೆ ಜನ ಇರಲಿಲ್ಲ. ಅವನದ್ದು ತಪ್ಪಲ್ಲ, ಒಳ್ಳೆಯವನು. ಬಲಗೈ ಬರುವುದು ನನಗೆ ಕಾಣಲೇ ಇಲ್ಲ. ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಶುರುವಾದದ್ದು ಇವತ್ತಿಗೂ ನಿಂತಿಲ್ಲ. ಎತ್ತರ, ತೂಕ ನೋಡಿ ಹುಡುಗರನ್ನು ಆರಿಸುವುದು ಎಂದರೆ ನನಗೆ ಆ ಶಿಬಿರ.

ಎಲ್ಲರ ನೀಲಿ ಗೆರೆ ಬಂತು. ಬಹಳ ಹೊತ್ತು ಯಾರೂ ಏನೂ ಬರೆಯಲಿಲ್ಲ.

ಪದ್ಮನಾಭ ದೊಡ್ಡಪ್ಪ: ಸದಾನಂದ, ಇದನ್ನು ನಿನ್ನ ಅಮ್ಮನಿಗಾದರೂ ಹೇಳಿದ್ದೆಯಾ? ನಾನು ಆಗಲೇ ಹೇಳಿದ್ದೆ. ಕೌರ್ ಸಿಂಗ್ 1980ರಲ್ಲಿ ದೆಹಲಿಯಲ್ಲಿ ಅಲಿಯ ಎದುರು ಪ್ರದರ್ಶನ ಪಂದ್ಯ ಆಡಿದವನು, 1982ರ ಏಷ್ಯಾಡಿನಲ್ಲಿ ಚಿನ್ನ, ಪದ್ಮಶ್ರೀ. ಕೊನೆಗೆ ಚಿಕಿತ್ಸೆಗೆ ಸಾಲ ಮಾಡಬೇಕಾಯಿತು. 2023ರಲ್ಲಿ ತೀರಿಹೋದಾಗ ಎಷ್ಟು ಜನರಿಗೆ ಗೊತ್ತಾಯಿತು?

ನಾನು: ಅದು ಅವನು ಬಾಕ್ಸಿಂಗ್ ಆಡಿದ್ದರ ತಪ್ಪಲ್ಲ ದೊಡ್ಡಪ್ಪ. ಆಡಿಸಿದವರು ಮರೆತದ್ದು. ನಾನು ಆ ಆಟವನ್ನು ಈಗಲೂ ರಾತ್ರಿ ಎದ್ದು ಕೂತು ನೋಡುತ್ತೇನೆ.

ವಿನೋದ: ಸದಣ್ಣ, ನನಗೆ ಗೊತ್ತಿರಲಿಲ್ಲ. ಆದ್ರೆ ನಾನು ಹಾಕಿದ್ದು ತಮಾಷೆಗೆ. ಎಲ್ಲರೂ ನನ್ನ ಮೇಲೆಯೇ ಬೀಳುದು. ನನ್ನ ಮದುವೆಗೂ ನೀವು ಬರ್ಲಿಲ್ಲ, ರಜೆ ಇಲ್ಲ ಅಂತ.

ಶೈಲಜ: ತಮಾಷೆ ಎಲ್ಲ ನನ್ನ ಮಗನ ಮೈಮೇಲೆಯೇ ಯಾಕೆ? ಅಜ್ಜಿಯ ತಿಥಿ ದಿನ ಪಂಕ್ತಿಯಲ್ಲಿ ಕೂತಾಗ ಆನೆಮರಿಗೆ ಇನ್ನೆರಡು ಹೋಳಿಗೆ ಹಾಕಿ ಅಂತ ಕೂಗಿದ್ದು ಯಾರು? ಅವ ಅರ್ಧದಲ್ಲಿ ಎದ್ದು ಹೋದದ್ದು ಯಾರಿಗಾದ್ರೂ ಗೊತ್ತುಂಟಾ?

ಜಯಂತ: ಅದು ಪ್ರೀತಿಯಿಂದ ಹೇಳಿದ್ದು ಶೈಲ.

ಶೈಲಜ: ಹಾಗಾದ್ರೆ ನೀನೇ ಹೇಳಿದ್ದು.

ಹತ್ತೂಮುಕ್ಕಾಲಿಗೆ, ಆ ಗುಂಪಿನಲ್ಲಿ ಮೊದಲ ಸಲ, ಶ್ರವಣನ ಹೆಸರು ಮೇಲೆ ಬಂತು.

ಶ್ರವಣ: ನಾನು 98 ಅಲ್ಲ. 87. ಬಂದ್ಯೋಡಿನ ಕಬಡ್ಡಿಗೆ 85ರ ಒಳಗೆ ಬರಬೇಕು, ಅದಕ್ಕೆ ನಾಲ್ಕು ತಿಂಗಳಿಂದ ಓಡ್ತಾ ಇದ್ದೇನೆ. ಲೆಕ್ಕದಲ್ಲಿ 71 ಬಂದಿದೆ ದೊಡ್ಡಜ್ಜ.

ನಾನು ಫೋನ್ ಹಿಡಿದು ಕೂತೇ ಇದ್ದೆ. ಚೌತಿಗೆ ಅವನ ಪಕ್ಕದಲ್ಲೇ ಉಂಡಿದ್ದೆ. ಹನ್ನೊಂದು ಕೆ.ಜಿ. ಇಳಿದ ಹುಡುಗನನ್ನು ನೋಡಿಯೂ ಅವನ ತೂಕ 98 ಎಂದುಕೊಂಡೇ ಇಷ್ಟು ಹೊತ್ತು ಅವನ ಪರವಾಗಿ ವಾದಿಸಿದ್ದೆ.

ಜಯಂತ: ಬಂದ್ಯೋಡಿನಲ್ಲಿ ಮಣ್ಣಾ, ಮ್ಯಾಟಾ?

ಶ್ರವಣ: ಮ್ಯಾಟ್.

ನಾನು: ಯಾವತ್ತು? ಎಷ್ಟು ಗಂಟೆಗೆ?

ಶ್ರವಣ: ಮುಂದಿನ ಶನಿವಾರ ರಾತ್ರಿ ಎಂಟಕ್ಕೆ ಮಾವ. ಮೈಕ್ ಇಡುವ ಬದಿಯಲ್ಲಿ ಕೂರಬೇಡಿ, ತುಂಬ ಜೋರು ಇಡ್ತಾರೆ.